ಎತ್ತರದಲ್ಲಿ ದುಡಿಯುವವರ ಸುರಕ್ಷಾ ಸಾಧನಗಳು: ಇತಿಹಾಸ

ಎತ್ತರದಲ್ಲಿ ದುಡಿಯುವವರು ಬೀಳದಂತೆ, ಬಿದ್ದರೂ ನೆಲ ಮುಟ್ಟದಂತೆ ತಡೆಯುವ ಬಲೆ, ಬೆಲ್ಟ್, ಹಗ್ಗ, ಕೊಕ್ಕೆಗಳು ಈ ಗುಂಪಿಗೆ ಸೇರುತ್ತವೆ. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಉಕ್ಕಿನ ಕಟ್ಟಡಗಳನ್ನು ಎಬ್ಬಿಸಿದವರಲ್ಲಿ ಹೆಚ್ಚಿನವರಿಗೆ ಇವು ಯಾವುವೂ ಇರಲಿಲ್ಲ. ಸೇತುವೆ ಕಾಮಗಾರಿಯಲ್ಲಿ ಹತ್ತು ಲಕ್ಷ ಡಾಲರ್ ಖರ್ಚಿಗೆ ಒಂದು ಸಾವು ಎಂಬ ಕ್ರೂರ ಲೆಕ್ಕವೇ ಅಲ್ಲಿ ರೂಢಿಯಲ್ಲಿತ್ತು.

ಆ ಲೆಕ್ಕವನ್ನು ಒಪ್ಪದೆ ಹೋದದ್ದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ (1933–37). ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ 1,30,000 ಡಾಲರಿಗೂ ಹೆಚ್ಚು ವೆಚ್ಚದಲ್ಲಿ ಸೇತುವೆಯ ಅಡಿಗೆ ಬಲೆ ಕಟ್ಟಿಸಿದರು. ಅದು ಸೇತುವೆಗಿಂತ 10 ಅಡಿ ಹೆಚ್ಚು ಅಗಲವಿತ್ತು. ಬಲೆಗೆ ಬಿದ್ದು ಬದುಕಿದವರು 19 ಮಂದಿ. 'ನರಕದ ಅರ್ಧದಾರಿ ಸಂಘ' ಎಂದು ಅವರಿಗೆ ಹೆಸರಾಯಿತು. ಆದರೆ 1937ರ ಫೆಬ್ರುವರಿ 17ರಂದು ಸಾರವೆಯೇ ಕಳಚಿ, ಅದರ ಭಾರಕ್ಕೆ ಬಲೆ ಹರಿದು 10 ಮಂದಿ ಸತ್ತರು. ಅಲ್ಲಿಯವರೆಗೆ ಸತ್ತಿದ್ದವನು ಒಬ್ಬನೇ.

ಬಲೆ ಎಲ್ಲೆಡೆ ಕಟ್ಟಲಾಗದು. ಹಾಗಾಗಿ ದಶಕಗಳ ಕಾಲ ಸೊಂಟದ ಬೆಲ್ಟೇ ಗತಿಯಾಯಿತು. ಅದು ಬೀಳುವವನನ್ನು ತಡೆಯುತ್ತಿತ್ತು, ಆದರೆ ಜಗ್ಗಿದ ರಭಸವೆಲ್ಲ ಹೊಟ್ಟೆಯ ಮೇಲೆ ಬಿದ್ದು ಒಳಗಿನ ಅಂಗಗಳಿಗೆ ಪೆಟ್ಟಾಗುತ್ತಿತ್ತು. ನೇತಾಡುವವನಿಗೆ ಉಸಿರಾಟವೂ ಕಷ್ಟ. ಬೀಳುವುದನ್ನು ತಡೆದರಷ್ಟೇ ಸಾಲದು, ತಡೆದ ಕ್ಷಣದಲ್ಲಿ ಮೈಗೆ ಏನಾಗುತ್ತದೆ ಎಂಬುದನ್ನೂ ನೋಡಬೇಕು ಎಂಬ ಅರಿವೇ ಈ ಇತಿಹಾಸದ ನಿಜವಾದ ತಿರುವು. ತೊಡೆ, ಎದೆ, ಭುಜಗಳನ್ನು ಸುತ್ತುವ ಪಟ್ಟಿಗಳ ಹಾರ್ನೆಸ್ ಆ ರಭಸವನ್ನು ಹಂಚುತ್ತದೆ. ಅದರ ಹಗ್ಗಕ್ಕೆ ಸೇರಿಸಿದ ಪುಟ್ಟ ಚೀಲದೊಳಗೆ ಮಡಿಸಿ ಹೊಲಿದ ಪಟ್ಟಿಯಿರುತ್ತದೆ. ಬಿದ್ದಾಗ ಹೊಲಿಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ ಜಗ್ಗು ಸಡಿಲಾಗುತ್ತದೆ. ಹಗ್ಗ 1.8 ಮೀಟರ್ ಇದ್ದರೂ ಹೀಗೆ ಉದ್ದವಾಗುವುದನ್ನೂ ಲೆಕ್ಕಕ್ಕೆ ಹಿಡಿದರೆ, ಕೊಕ್ಕೆ ಹಾಕಿದ ಜಾಗದ ಕೆಳಗೆ ಐದು ಮೀಟರಿಗೂ ಮಿಕ್ಕಿ ಖಾಲಿ ಜಾಗ ಬೇಕು. ಬಿದ್ದವನನ್ನು ತಡೆಯಲು ಸೊಂಟದ ಬೆಲ್ಟ್ ಬಳಸುವುದನ್ನು ಅಮೆರಿಕ 1998ರ ಜನವರಿ 1ರಿಂದ ನಿಷೇಧಿಸಿತು.

ಹಾರ್ನೆಸ್ಸಿನಲ್ಲೂ ಹೆಚ್ಚು ಹೊತ್ತು ಅಲುಗಾಡದೆ ತೂಗಾಡುವುದು ಅಪಾಯ: ಕಾಲುಗಳಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪಬಹುದು. ಬೇಗ ಇಳಿಸುವ ಏರ್ಪಾಡು ಮೊದಲೇ ಇರಬೇಕು.

ಭಾರತದಲ್ಲಿ ಇಂಥ ಬೆಲ್ಟು, ಹಾರ್ನೆಸ್‌ಗಳಿಗೆ ಐಎಸ್ 3521 ಎಂಬ ಮಾನಕವಿದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಕಾಯ್ದೆ, 2006ರಲ್ಲಿ ಕರ್ನಾಟಕದ ನಿಯಮಗಳು ಬಂದವು. ಆದರೂ ಹಾರ್ನೆಸ್ ತೊಟ್ಟು, ಕೊಕ್ಕೆಯನ್ನು ಎಲ್ಲಿಗೂ ಸಿಕ್ಕಿಸದೆ ಸಾರವೆಯ ಮೇಲೆ ನಡೆಯುವವರು ಇಂದಿಗೂ ಕಾಣಸಿಗುತ್ತಾರೆ. ಅದಕ್ಕೆ ಕೆಲಸಗಾರನನ್ನು ದೂರುವುದು ಸರಿಯಲ್ಲ. ಕೊಕ್ಕೆ ಹಾಕಲು ಗಟ್ಟಿ ಆಧಾರ ಒದಗಿಸಬೇಕಾದವನು ಕೆಲಸ ಮಾಡಿಸುವ ಮಾಲೀಕ.