ಉರುಮೆಯ ಕೂಲಿ

ಚಿತ್ರದುರ್ಗದ ಸೀಮೆಯಲ್ಲಿ ಕೈಗಾರಿಕೆ ಅಂದರೆ ನಮ್ಮೋರ ಬಾಯಿಗೆ ಬರುತ್ತಿದ್ದದ್ದು ಇಂಗಳದಾಳದ ತಾಮ್ರದ ಗಣಿ, ಹಿರಿಯೂರಿನ ಸಕ್ಕರೆ ಕಾರ್ಖಾನೆ. ಎರಡೂ ನಿಂತುಹೋದವು. ಇಂಥ ನೆಲಕ್ಕೆ ಕಲೆಯಿಂದ ಮತ್ತೆ ಜೀವ ಬರುತ್ತದೆ ಅಂತ ಯಾರಾದರೂ ಅಂದರೆ ಕೇರಿಯ ನಮಗೆ ಮೊದಲು ಅನುಮಾನವೇ. ಯಾಕೆಂದರೆ ಕಲೆ ನಮಗೆ ಬಿಟ್ಟಿ ಚಾಕರಿಯಾಗಿತ್ತು. ಜಾತ್ರೆಗೆ ಉರುಮೆ, ಹೆಣಕ್ಕೆ ತಮಟೆ. ಬಡಿದವನಿಗೆ ಸಿಕ್ಕಿದ್ದು ದೂರದಿಂದ ಎಸೆದ ಕಾಸು, ಹಿತ್ತಲಲ್ಲಿ ಹಾಕಿದ ಮುದ್ದೆ. ಇದನ್ನೇ ಜಾನಪದ ಅಂತ ಹಾಡಿ ಹೊಗಳಿದ ಪಂಡಿತರು ಕೂಲಿಯ ಲೆಕ್ಕ ಮಾತ್ರ ಬರೆಯಲಿಲ್ಲ.

ಆ ತಮಟೆಯ ದನಿ ಬದಲಾದದ್ದು ಎಪ್ಪತ್ತರ ದಶಕದಲ್ಲಿ. ಆಗ ನಮ್ಮ ಜಿಲ್ಲೆಗೇ ಸೇರಿದ್ದ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ, ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ ಮೇಷ್ಟರಾಗಿದ್ದುಕೊಂಡೇ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿ ನಿಲ್ಲಿಸಿದರು. ಹೆಣದ ಮುಂದಿನ ತಮಟೆ ಮೆರವಣಿಗೆಯ ಮುಂದೆ ಬಂತು. ಅದೇ ಕಾಲಕ್ಕೆ ಸಿಜಿಕೆ, ಸಮುದಾಯ ತಂಡಕ್ಕೆ 'ಬೆಲ್ಚಿ' ಬೀದಿನಾಟಕ ಮಾಡಿಸಿದರು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಕೊಂದು ಬೆಂಕಿಗೆ ಹಾಕಿದ್ದರಲ್ಲ, ಆ ಕತೆ. ಪರದೆಯಿಲ್ಲ, ಟಿಕೀಟಿಲ್ಲ, ನಿಂತಲ್ಲೇ ನಾಟಕ.

ಅದೇ ಸಿಜಿಕೆ ಮುಂದೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಕಾರ್ಯಕ್ಕೂ ಹೆಗಲು ಕೊಟ್ಟರು. ಬೀದಿಯ ಮನುಷ್ಯನಿಗೆ ಮಠದಲ್ಲೇನು ಕೆಲಸ ಅಂತ ನಮಗೂ ಅನಿಸಿದ್ದುಂಟು. ಸಿರಿಗೆರೆ ಮಠದ ಆ ಶಾಖೆಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಶಿವಕುಮಾರ ಕಲಾಸಂಘ, 1997ರಲ್ಲಿ ಶಿವಸಂಚಾರ, 2008ರಲ್ಲಿ ರಂಗಶಾಲೆ ಶುರುಮಾಡಿದರು. ಶಿವಸಂಚಾರದ ತಂಡ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ನಾಡು ಸುತ್ತುತ್ತದೆ. ನಾಟಕೋತ್ಸವ ಬಂತೆಂದರೆ ಹೊಲದ ಕೆಲಸ ಮುಗಿಸಿದ ಜನ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಾರೆ. ನಟರಿಗೆ ಸಂಬಳ. ಈ ಸಂಬಳ ಅನ್ನೋ ಮಾತು ನಮಗೆ ಸಣ್ಣದಲ್ಲ. ಬಣ್ಣ ಹಚ್ಚುವುದು, ಕುಣಿಯುವುದು, ಬಡಿಯುವುದು ದುಡಿಮೆ ಅಂತ ಒಪ್ಪಿದ ಹಾಗೆ ಅದು.

ಹಾಗಂತ ನಮ್ಮ ತಕರಾರು ತೀರಿಲ್ಲ. ಗಣಿ ಸಾಕುತ್ತಿದ್ದಷ್ಟು ಸಂಸಾರಗಳನ್ನು ರಂಗಭೂಮಿ ಸಾಕಲಾರದು. ಇನ್ನೊಂದು ಮಾತು. ಶರಣರ ಕತೆಯಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆಯಾಗುತ್ತದೆ. ರಂಗದ ಮೇಲೆ ಅದನ್ನು ಕಂಡು ಕಣ್ಣೊರೆಸಿಕೊಂಡವರೇ ತಮ್ಮ ಮನೆಯ ಹುಡುಗಿ ಕೇರಿಯ ಹುಡುಗನ ಕೈ ಹಿಡಿದರೆ ಏನು ಮಾಡುತ್ತಾರೆ? ಎಷ್ಟೋ ಊರಲ್ಲಿ ನಾವು ಕಂಡಿದ್ದೇವೆ. ನಾಟಕ ಅಲ್ಲಿಯವರೆಗೂ ಹೋಗಬೇಕಾಗಿತ್ತು.

ಜಾತ್ರೆ ಹತ್ತಿರ ಬಂದರೆ ಊರಿಂದ ಕೇರಿಗೆ ಈಗಲೂ ಹೇಳಿಕಳಿಸುತ್ತಾರೆ. ನಮ್ಮ ಕೆಲವು ಹುಡುಗರು ಕೂಲಿ ಮಾತಾಡದೆ ಗೋಡೆಯ ಮೇಲಿನ ಉರುಮೆ ಕೆಳಗಿಳಿಸುವುದಿಲ್ಲ. ಅದಕ್ಕೆ ಊರವರಿಗೆ ಸಿಟ್ಟಿದೆ.