ಗುಜರಿಗೆ ಹೋಗಬೇಕಿದ್ದ ಹಡಗುಗಳು

ಮನೆ ಬದಲಾಯಿಸುವಾಗ ಅಜ್ಜಿಯ ಹೊಲಿಗೆ ಯಂತ್ರದ ಸ್ಟ್ಯಾಂಡು ಲಾರಿಯಿಂದ ಬಿದ್ದು ಒಂದು ಕಾಲು ಮುರೀತು. "ಗುಜರಿಗೆ ಹಾಕು, ಹೊಸದು ಆನ್‌ಲೈನಲ್ಲಿ ಸಿಗುತ್ತೆ" ಅಂದರು ಎಲ್ಲರೂ. ಮನಸ್ಸು ಬರಲಿಲ್ಲ. ಕಾಮಾಕ್ಷಿಪಾಳ್ಯದ ಒಂದು ಪುಟ್ಟ ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆ. ಮೇಸ್ತ್ರಿ ವೆಲ್ಡಿಂಗ್ ರಾಡನ್ನು ಮುಟ್ಟಲೇ ಇಲ್ಲ. ಮೊದಲು ಮುರಿದ ಅಂಚಿಗೆ ಗ್ರೈಂಡರ್ ತಾಗಿಸಿ ಕಿಡಿ ನೋಡಿದರು. ಉದ್ದನೆಯ ಬಿಳಿ ಕಿಡಿ ಹಾರಲಿಲ್ಲ. ಕೆಂಪಗೆ, ಮೋಟುಮೋಟಾಗಿ ಉದುರಿತು. "ಇದು ಬೀಡು ಸಾರ್, ಸ್ಟೀಲ್ ಅಲ್ಲ. ಅವಸರ ಮಾಡಿದ್ರೆ ಪಕ್ಕದಲ್ಲೇ ಸೀಳುತ್ತೆ. ನಾಳೆ ಬನ್ನಿ" ಅಂದರು.

ಒಂದು ಕಾಲು ಅಂಟಿಸೋಕೆ ಒಂದು ದಿನವಾ? ಮನೆಗೆ ಬಂದು ಓದುತ್ತಾ ಕೂತಾಗ ಗೊತ್ತಾಯ್ತು, ಇದೇ ಬೀಡುಕಬ್ಬಿಣದ ಮೊಂಡುತನವನ್ನು ನಂಬಿಕೊಂಡು ಮೊದಲ ಮಹಾಯುದ್ಧದಲ್ಲಿ ಜರ್ಮನಿ ಅಮೆರಿಕದ ಸೈನ್ಯವನ್ನೇ ತಡೆಯಲು ನೋಡಿತ್ತು.

1914ರಲ್ಲಿ ಯುದ್ಧ ಶುರುವಾದಾಗ ಜರ್ಮನಿಯ ಎಷ್ಟೋ ಪ್ರಯಾಣಿಕ ಹಡಗುಗಳು ಅಮೆರಿಕದ ಬಂದರುಗಳಲ್ಲಿ ಸಿಕ್ಕಿಕೊಂಡವು. ಸಮುದ್ರಕ್ಕೆ ಇಳಿದರೆ ಬ್ರಿಟಿಷ್ ನೌಕಾಪಡೆ ಕಾಯುತ್ತಿತ್ತು. ಅಮೆರಿಕ ಆಗಿನ್ನೂ ತಟಸ್ಥ. ಹಾಗಾಗಿ ಎರಡೂವರೆ ವರ್ಷ ಆ ಹಡಗುಗಳು ಸಿಬ್ಬಂದಿ ಸಮೇತ ದಡದಲ್ಲೇ ನಿಂತವು. 1917ರ ಫೆಬ್ರವರಿ 3ರಂದು ಅಮೆರಿಕ ಜರ್ಮನಿಯ ಜೊತೆ ಸಂಬಂಧ ಕಡಿದುಕೊಂಡಿತು, ಏಪ್ರಿಲ್ 6ರಂದು ಯುದ್ಧ ಸಾರಿತು. ಹಡಗುಗಳನ್ನು ವಶಕ್ಕೆ ತೆಗೆದುಕೊಂಡು ಒಳಗಿಳಿದು ನೋಡಿದರೆ, ಎಂಜಿನ್ ಕೋಣೆಗಳು ಹಾಳಾಗಿದ್ದವು.

ಕೋಪದಲ್ಲಿ ಕಂಡದ್ದನ್ನೆಲ್ಲ ಒಡೆದ ಕೆಲಸ ಅದಾಗಿರಲಿಲ್ಲ. ಒಡೆದವರು ಆ ಎಂಜಿನ್‌ಗಳನ್ನು ವರ್ಷಗಟ್ಟಲೆ ನಡೆಸಿದವರು. ಯಾವುದು ಸುಲಭಕ್ಕೆ ಸಿಗುತ್ತೆ, ಯಾವುದು ಸಿಗಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಉಗಿ ಎಂಜಿನ್ನಿನ ಭಾರೀ ಸಿಲಿಂಡರುಗಳು ಬೀಡುಕಬ್ಬಿಣದ ಎರಕ. ದೊಡ್ಡ ಸುತ್ತಿಗೆಗಳಿಂದ ಅವುಗಳ ಗೋಡೆಯನ್ನೇ ಚೂರು ಮಾಡಿದ್ದರು. ಹೊಸ ಸಿಲಿಂಡರ್ ಬೇಕೆಂದರೆ ನಕ್ಷೆ ಬರೆದು, ಅಚ್ಚು ಮಾಡಿ, ಎರಕ ಹೊಯ್ದು, ಕೊರೆದು, ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಬೇಕು. ಇಷ್ಟಕ್ಕೆಲ್ಲ ವರ್ಷಕ್ಕಿಂತ ಹೆಚ್ಚು ಹಿಡಿಯುತ್ತೆ ಅನ್ನೋದು ಆಗಿನ ಅಂದಾಜು. ಅಷ್ಟರೊಳಗೆ ಯುದ್ಧ ಗೆದ್ದುಬಿಡಬಹುದು ಅಂತ ಜರ್ಮನಿಯ ಲೆಕ್ಕ.

ಲೆಕ್ಕ ತಪ್ಪೇನಿರಲಿಲ್ಲ. ಸಾಧಾರಣ ಸ್ಟೀಲಿನಲ್ಲಿ ಇಂಗಾಲ ಶೇಕಡಾ 0.3ಕ್ಕಿಂತ ಕಡಿಮೆ. ಬೀಡಿನಲ್ಲಿ ಶೇಕಡಾ 2ರಿಂದ 4. ಈ ಇಂಗಾಲದಿಂದಲೇ ಬೀಡು ಸಲೀಸಾಗಿ ಕರಗಿ ಅಚ್ಚಿಗೆ ಇಳಿಯುತ್ತೆ. ಇದರಿಂದಲೇ ಅದು ಬಾಗುವ ಬದಲು ಮುರಿಯುತ್ತೆ. ಒಂದು ಕಡೆ ಕಾಯಿಸಿ ಬಿಟ್ಟರೆ, ತಣ್ಣಗಾಗುವಾಗ ಆ ಭಾಗ ಕುಗ್ಗುತ್ತೆ. ಸ್ಟೀಲಾದರೆ ಸ್ವಲ್ಪ ಎಳೆದುಕೊಂಡು ಸಹಿಸುತ್ತೆ. ಬೀಡು ಬಿರುಕು ಬಿಡುತ್ತೆ.

ಹಾಗಂತ ಬೆಂಕಿಯಿಂದ ಲೋಹವನ್ನು ಕತ್ತರಿಸುವ, ಕೂಡಿಸುವ ವಿದ್ಯೆ ಆಗ ಇರಲಿಲ್ಲ ಅಂತಲ್ಲ. ಆಕ್ಸಿಜನ್ ಮತ್ತು ಅಸಿಟಲೀನ್ ಸೇರಿಸಿ ಉರಿಸುವ ಟಾರ್ಚ್ ಫ್ರಾನ್ಸಿನಲ್ಲಿ 1903ರ ಹೊತ್ತಿಗೇ ಬಂದಿತ್ತು. 1911ರಲ್ಲಿ ಹವಾನಾ ಬಂದರಿನಲ್ಲಿ ಮುಳುಗಿದ್ದ 'ಮೇನ್' ಯುದ್ಧನೌಕೆಯ ಅವಶೇಷವನ್ನು ಅದರಿಂದಲೇ ಕತ್ತರಿಸಿದ್ದರು. ಆದರೆ ಗ್ಯಾಸ್ ಕಟಿಂಗ್ ಅಂದ್ರೆ ಲೋಹವನ್ನು ಕರಗಿಸೋದು ಅಂತ ನಾವು ಅಂದ್ಕೊಂಡಿರ್ತೀವಲ್ಲ, ಅದು ಪೂರ್ತಿ ಸರಿಯಲ್ಲ. ಸ್ಟೀಲು ಕೆಂಪಗೆ ಕಾದಾಗ ಅದರ ಮೇಲೆ ಶುದ್ಧ ಆಕ್ಸಿಜನ್ ಹಾಯಿಸಿದರೆ ಕಬ್ಬಿಣವೇ ಉರಿಯುತ್ತೆ, ಉರಿದ ಬೂದಿ ಕರಗಿ ಹಾರಿಹೋಗುತ್ತೆ. ಬೀಡಿನಲ್ಲಿ ಈ ಆಟ ನಡೆಯಲ್ಲ. ಉರಿದ ಪದರ ಕರಗುವ ಮೊದಲೇ ಬೀಡು ಕರಗಿಬಿಡುತ್ತೆ, ಸೀಳು ನೇರವಾಗಿ ಬರಲ್ಲ. ಒಂದು ಲೋಹಕ್ಕೆ ಒಗ್ಗಿದ ವಿದ್ಯೆ ಇನ್ನೊಂದಕ್ಕೆ ಒಗ್ಗಲ್ಲ. ಸುತ್ತಿಗೆ ಹಿಡಿದವರಿಗೆ ಇದೂ ಧೈರ್ಯ ಕೊಟ್ಟಿರಬೇಕು.

ಅವರ ಲೆಕ್ಕದಿಂದ ತಪ್ಪಿಹೋದವರು ರೈಲ್ವೆ ವರ್ಕ್‌ಶಾಪುಗಳ ರಿಪೇರಿ ಕೆಲಸಗಾರರು. ಅಮೆರಿಕದ ರೈಲ್ವೆಯಲ್ಲಿ ಎಂಜಿನ್ ಬಾಯ್ಲರುಗಳನ್ನು, ಚೌಕಟ್ಟುಗಳನ್ನು ವಿದ್ಯುತ್ ಆರ್ಕ್ ವೆಲ್ಡಿಂಗ್‌ನಿಂದ ಸರಿಮಾಡುವ ರೂಢಿ ಆಗಲೇ ಇತ್ತು. ಹಡಗು ಕಟ್ಟುವ ದೊಡ್ಡವರಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ನ್ಯೂಯಾರ್ಕ್ ನೌಕಾಂಗಣದ ಎಂಜಿನಿಯರ್ ಅಧಿಕಾರಿ ಜೆಸಪ್ ಪಟ್ಟು ಹಿಡಿದರು: ಸಿಲಿಂಡರ್ ಬದಲಾಯಿಸೋದು ಬೇಡ, ಇದ್ದಲ್ಲೇ ಕೂಡಿಸೋಣ.

ಕೂಡಿಸಿದ್ದು ಹೀಗೆ. ಮೊದಲು ಮುರಿದ ಅಂಚನ್ನು ಇಳಿಜಾರಾಗಿ ಕೆತ್ತಿದರು. ಆ ಇಳಿಜಾರಿನಲ್ಲಿ ಸಾಲಾಗಿ ತೂತು ಕೊರೆದು ಸ್ಟೀಲಿನ ಗಿಡ್ಡ ಬೋಲ್ಟುಗಳನ್ನು ತಿರುಗಿಸಿ ಕೂರಿಸಿದರು. ವೆಲ್ಡಿಂಗ್ ಲೋಹ ಬೀಡನ್ನು ಗಟ್ಟಿಯಾಗಿ ಹಿಡಿಯದೇ ಹೋದರೂ ಸ್ಟೀಲನ್ನು ಹಿಡಿಯುತ್ತೆ, ಸ್ಟೀಲಿನ ಬೋಲ್ಟು ಬೀಡನ್ನು ಕಚ್ಚಿಕೊಂಡಿರುತ್ತೆ. ಆಮೇಲೆ ಆರ್ಕ್ ಹೊತ್ತಿಸಿ ಪದರ ಪದರವಾಗಿ ಲೋಹ ತುಂಬಿದರು. ಮುಗಿದ ಮೇಲೆ ಒಳಮೈಯನ್ನು ಅಲ್ಲೇ ಕೊರೆದು ನಯ ಮಾಡಿ, ಒತ್ತಡದ ನೀರು ತುಂಬಿ ಸೋರುತ್ತಾ ಅಂತ ಪರೀಕ್ಷಿಸಿದರು. ಈ ಪಟ್ಟಿಯಲ್ಲಿ ಕಿಡಿ ಹಾರಿಸುವ ಹಂತ ಒಂದೇ ಒಂದು. ಉಳಿದದ್ದೆಲ್ಲ ತಯಾರಿ, ತಾಳ್ಮೆ, ತಪಾಸಣೆ.

1917 ಮುಗಿಯುವಷ್ಟರಲ್ಲಿ ಆ ಹಡಗುಗಳಲ್ಲಿ ಹೆಚ್ಚಿನವು ಸಮುದ್ರಕ್ಕೆ ಇಳಿದಿದ್ದವು. 'ಪ್ರಿನ್ಸೆಸ್ ಐರೀನ್' ಈಗ 'ಪೋಕಹಾಂಟಸ್', 'ಬಾರ್ಬರೋಸಾ' ಈಗ 'ಮರ್ಕ್ಯುರಿ'. ವಶಪಡಿಸಿಕೊಂಡ ಜರ್ಮನ್ ಹಡಗುಗಳು ಯುದ್ಧ ಮುಗಿಯುವುದರೊಳಗೆ ಐದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರನ್ನು ಯುರೋಪಿಗೆ ದಾಟಿಸಿದವು. 1918ರ ಡಿಸೆಂಬರಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಪ್ಯಾರಿಸ್ಸಿನ ಶಾಂತಿ ಮಾತುಕತೆಗೆ ಹೊರಟದ್ದೂ ಅಂಥದೇ ಒಂದು ಹಡಗಿನಲ್ಲಿ, 'ಜಾರ್ಜ್ ವಾಷಿಂಗ್ಟನ್' ಅಂತ ಅದರ ಹೆಸರು. ಅದು ಜರ್ಮನ್ನರೇ ಇಟ್ಟ ಹೆಸರು, ಬದಲಾಯಿಸುವ ಅಗತ್ಯವೇ ಬೀಳಲಿಲ್ಲ!

ಇತಿಹಾಸದ ಪುಸ್ತಕಗಳಲ್ಲಿ ವಿಲ್ಸನ್ ಇದ್ದಾರೆ. ಸಿಲಿಂಡರಿನೊಳಗೆ ಮುದುಡಿ ಕೂತು ಆರ್ಕ್ ಹಿಡಿದವರ ಹೆಸರು ಹುಡುಕಿದರೆ ನನಗೆ ಒಂದೂ ಸಿಗಲಿಲ್ಲ. ನಮ್ಮ ಆಫೀಸಿನಲ್ಲೂ ಲಿಫ್ಟ್, ಜನರೇಟರ್, ನೀರಿನ ಪೈಪ್ ನೋಡಿಕೊಳ್ಳುವವರನ್ನು "ಮೆಂಟೆನೆನ್ಸ್‌ನವರು" ಅಂತಷ್ಟೇ ಕರೀತೀವಿ, ಅಲ್ವಾ? ಹೊಸದನ್ನು ಕಟ್ಟುವವನ ಮುಂದೆ ನಕ್ಷೆ ಇರುತ್ತೆ. ರಿಪೇರಿ ಮಾಡುವವನ ಮುಂದೆ ಇರೋದು ಮುರಿದ ವಸ್ತು ಮಾತ್ರ. ಅದು ಯಾವ ಲೋಹ, ಯಾಕೆ ಮುರೀತು, ಎಷ್ಟು ಬಿಸಿ ತಡೆಯುತ್ತೆ ಅಂತ ಅವನೇ ಓದಿಕೊಳ್ಳಬೇಕು. ಕಷ್ಟದ ಕೆಲಸ ಯಾವುದು ಅಂತ ನೀವೇ ಹೇಳಿ.

ಮರುದಿನ ಹೋದಾಗ ಸ್ಟ್ಯಾಂಡಿನ ಕಾಲು ಬೂದಿಯ ಗುಡ್ಡೆಯಲ್ಲಿ ಹುದುಗಿತ್ತು, ನಿಧಾನಕ್ಕೆ ಆರಲಿ ಅಂತ. ಮೇಸ್ತ್ರಿ ಹೊರಗೆ ತೆಗೆದು ಒರೆಸಿ ತೋರಿಸಿದರು. ಒಮ್ಮೆಗೆ ಒಂದು ಇಂಚಷ್ಟೇ ವೆಲ್ಡ್ ಮಾಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಆರಲು ಬಿಟ್ಟು, ಮತ್ತೆ ಒಂದು ಇಂಚು, ಹೀಗೆ ಮಾಡಿದ್ದರು. ಕೇಳಿದ ದುಡ್ಡು ನನ್ನ ಎರಡು ಕಾಫಿಯ ಬೆಲೆಗಿಂತ ಹೆಚ್ಚಿರಲಿಲ್ಲ. ಜಾಸ್ತಿ ಕೊಡೋಕೆ ಹೋದೆ. ತಗೊಳ್ಳಲಿಲ್ಲ. "ಅಜ್ಜಿದು ಅಂದ್ರಲ್ಲ ಸಾರ್, ಇನ್ನೊಂದ್ಸಲ ಬೀಳಿಸ್ಬೇಡಿ" ಅಂದರು, ಅಷ್ಟೇ.