ಕಾಫಿನಾಡಿನ ಶಾಲೆಗಳೂ ಲೈನುಮನೆಯ ಮಕ್ಕಳೂ

ಶಾಲೆಯ ದಾಖಲಾತಿ ಪುಸ್ತಕವು ಇತಿಹಾಸಕಾರನಿಗೆ ಬಹು ಉಪಯುಕ್ತವಾದ ಆಕರ. ಹುಡುಗನ ಹೆಸರು, ತಂದೆಯ ಕಸಬು, ಜಾತಿ, ಮಾತೃಭಾಷೆ, ಶಾಲೆ ಬಿಟ್ಟ ದಿನ ಇವೆಲ್ಲವೂ ಅದರಲ್ಲಿ ದೊರೆಯುತ್ತವೆ. ಆದರೆ ಅವನು ತರಗತಿಯಲ್ಲಿ ಎಲ್ಲಿ ಕುಳಿತನು, ಜೊತೆಯವರು ಅವನನ್ನು ಏನೆಂದು ಕರೆದರು ಎಂಬುದನ್ನು ಅದು ತಿಳಿಸದು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿತೋಟಗಳ ಕೂಲಿಕಾರರ ಮಕ್ಕಳ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಇದೇ.

19ನೆಯ ಶತಮಾನದಲ್ಲಿ ಐರೋಪ್ಯ ತೋಟಗಾರರು ಈ ಬೆಟ್ಟಗಳಲ್ಲಿ ಕಾಫಿಯ ಬೆಳೆಯನ್ನು ವಿಸ್ತರಿಸಿದಾಗ, ಆಳುಗಳು ಬಹುಮಟ್ಟಿಗೆ ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಬಂದರು. ಮೇಸ್ತ್ರಿಯು ಮುಂಗಡ ಹಣ ಕೊಟ್ಟು ಅವರನ್ನು ಕರೆತರುತ್ತಿದ್ದನು. ಅವರಲ್ಲಿ ಅನೇಕರು ಅಸ್ಪೃಶ್ಯರೆನಿಸಿಕೊಂಡ ಜಾತಿಗಳವರು. ಸಾಲ ತೀರಿಸಲು ಮಕ್ಕಳನ್ನು ಕಾಫಿತೋಟಕ್ಕೆ ಕಳುಹಿಸಿದ ತಂದೆಯನ್ನು ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ನಮ್ಮ ವಿದ್ಯಾರ್ಥಿಗಳು ಕಂಡಿದ್ದಾರೆ. ದಿಣ್ಣೆಯ ಮೇಲೆ ಬಂಗಲೆ, ನಡುವೆ ರೈಟರ ಮನೆ, ಕೆಳಗೆ ಲೈನು. ಮಗುವು ಅಕ್ಷರಕ್ಕಿಂತ ಮೊದಲು ಕಲಿತುದು ಈ ಕ್ರಮವನ್ನು.

ಬಾಗಿಲು ತೆರೆದ ಕಥೆ ಸುಪರಿಚಿತವಾದುದು. ಮೈಸೂರು ಸಂಸ್ಥಾನದ ಸರ್ಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕೆಂಬ ನೀತಿ ಕಳೆದ ಶತಮಾನದ ಆದಿಭಾಗದಲ್ಲಿಯೇ ರೂಪುಗೊಂಡಿತು. 1950ರ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರ ಕಾಯಿದೆಯು ಅದರ ಆಚರಣೆಗೆ ದಂಡನೆಯನ್ನು ವಿಧಿಸಿತು. ತೋಟಗಳ ಮಟ್ಟಿಗೆ 1951ರ ತೋಟ ಕಾರ್ಮಿಕರ ಕಾಯಿದೆ ಮುಖ್ಯವಾದುದು. 6ರಿಂದ 12 ವರ್ಷದೊಳಗಿನ ಮಕ್ಕಳು 25ಕ್ಕಿಂತ ಹೆಚ್ಚಿದ್ದಲ್ಲಿ ಮಾಲೀಕನು ವಿದ್ಯಾಭ್ಯಾಸದ ಅನುಕೂಲವನ್ನು ಒದಗಿಸುವಂತೆ ನಿಯಮ ಮಾಡುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಕ್ಕೆ ಕೊಟ್ಟಿತು. ತೋಟದ ಶಾಲೆಯಿದ್ದೆಡೆ ಮಗು ತನ್ನವರ ನಡುವೆಯೇ ಕಲಿಯಿತು. ಪೇಟೆಯ ಮಾಧ್ಯಮಿಕ ಶಾಲೆಗೆ ಹೋದ ದಿನವೇ ತಾನು ‘ಲೈನಿನವನು’ ಎಂಬುದು ಅದಕ್ಕೆ ತಿಳಿದುದು.

ಸಾತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತಿದ್ದರು. ಜವಾನನು ಇಲ್ಲದ ದಿನ ಅವರಿಗೆ ನೀರಿಲ್ಲ. ಅಂತಹ ಬಹಿರಂಗದ ನಿರ್ಬಂಧವನ್ನು ಕಾನೂನು ಹಿಡಿಯಬಲ್ಲದು. ‘ನಿನ್ನ ಮನೆ ಯಾವ ಕಡೆ?’ ಎಂಬ ಪ್ರಶ್ನೆಯನ್ನು, ಹಂಚಿಕೊಳ್ಳದೆ ಉಳಿದ ಬುತ್ತಿಯನ್ನು, ಒಳ್ಳೆಯ ಅಂಕಗಳನ್ನು ಕಂಡು ಉಪಾಧ್ಯಾಯರು ಹುಬ್ಬೇರಿಸುವುದನ್ನು ಯಾವ ಕಲಮು ಹಿಡಿದೀತು? ಅರವಿಂದ ಮಾಲಗತ್ತಿಯವರ ಆತ್ಮಕಥನದ (1994) ಹೆಸರಾದ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬುದು ಇಂತಹುದೇ ಒಂದು ಹಂಗಿಸುವ ಮಾತು. ಅಮೆರಿಕದ ನೀಗ್ರೋ ಜನರ ಅನುಭವವನ್ನು ಕುರಿತು ಮನೋವೈದ್ಯ ಚೆಸ್ಟರ್ ಪಿಯರ್ಸ್ 1970ರಲ್ಲಿ ಈ ಬಗೆಯ ಸಣ್ಣ ಪೆಟ್ಟುಗಳಿಗೆ ಒಂದು ಪಾರಿಭಾಷಿಕ ಪದವನ್ನೇ ನಿರ್ಮಿಸಿದನು. ಒಂದೊಂದೂ ಕ್ಷುಲ್ಲಕ; ದಿನದಿನವೂ ಬಿದ್ದಾಗ ಕ್ಷುಲ್ಲಕವಲ್ಲ.

ನಾವೂ ಇದರಿಂದ ಹೊರಗಿಲ್ಲ. ವಿದ್ಯಾರ್ಥಿವೇತನದ ಪಟ್ಟಿಯನ್ನು ತುಂಬಿದ ತರಗತಿಯಲ್ಲಿ ಗಟ್ಟಿಯಾಗಿ ಓದಿ, ಹೆಸರು ಬಂದವರನ್ನು ಎದ್ದು ನಿಲ್ಲಿಸಿದ್ದೇವೆ. ಅದು ಸೌಕರ್ಯಕ್ಕಾಗಿ ಮಾಡಿದುದು. ನಿಂತವರಿಗೆ ಹೇಗಿತ್ತೆಂದು ಆಗ ಕೇಳಲಿಲ್ಲ.

ಮಕ್ಕಳು ಇದನ್ನು ಹೇಗೆ ತಾಳಿಕೊಂಡರು? ತೋಟದ ಹೆಸರು ಹೇಳದೆ ಮೂಡಿಗೆರೆಯೆಂದಷ್ಟೇ ಹೇಳುವುದು, ತುಳುವನ್ನೋ ತಮಿಳನ್ನೋ ಶಾಲೆಯ ಹೊಸ್ತಿಲಲ್ಲಿ ಬಿಡುವುದು, ಕೈಯೆತ್ತದಿರುವುದು: ಇವು ಕಣ್ಣಿಗೆ ಬೀಳದಿರುವ ಉಪಾಯಗಳು. ಇಂತಹ ಮೌನವನ್ನು ಉಪಾಧ್ಯಾಯರು ದಡ್ಡತನವೆಂದು ತಿಳಿದದ್ದು, ನಮ್ಮ ಅಭಿಪ್ರಾಯದಲ್ಲಿ, ಎಲ್ಲಕ್ಕಿಂತ ದೊಡ್ಡ ನಷ್ಟವನ್ನುಂಟುಮಾಡಿತು. ಇದಕ್ಕೆ ವಿರುದ್ಧವಾದ ದಾರಿಯೂ ಇತ್ತು. ವಿದ್ಯಾರ್ಥಿನಿಲಯವು ಒಂಟಿಯಾಗಿದ್ದವನಿಗೆ ಸಂಗಡಿಗರನ್ನು ಕೊಟ್ಟಿತು. ತನ್ನ ಕೋಣೆಯಲ್ಲಿ ಇನ್ನೂ ಮೂವರು ಅದೇ ಮಾತನ್ನು ಕೇಳಿಸಿಕೊಂಡವರೆಂದು ಅರಿತ ಹುಡುಗನಿಗೆ ತಪ್ಪು ತನ್ನಲ್ಲಿಲ್ಲವೆಂಬುದು ಹೊಳೆಯಿತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯು ರಾಜ್ಯದಲ್ಲಿ ಬೆಳೆದಾಗ, ಮುಚ್ಚಿಡುತ್ತಿದ್ದ ಗುರುತನ್ನು ತಲೆಯೆತ್ತಿ ಹೇಳುವ ರೂಢಿಯೂ ಬಂದಿತು.

ಇತ್ತೀಚಿನ ವರ್ಷಗಳಲ್ಲಿ ಈ ತೋಟಗಳಿಗೆ ಅಸ್ಸಾಂ, ಜಾರ್ಖಂಡ್‌ಗಳಿಂದ ಆಳುಗಳು ಬರುತ್ತಿದ್ದಾರೆ. ಅವರ ಮಕ್ಕಳ ಮುಖಚರ್ಯೆ ಬೇರೆ, ನುಡಿ ಬೇರೆ. ತರಗತಿಯಲ್ಲಿ ಅವರನ್ನು ಏನೆಂದು ಕರೆಯುತ್ತಾರೆಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸವನ್ನು ಈಗಲೇ ಕೈಗೊಳ್ಳಬೇಕು. ಕೊಯ್ಲು ಮುಗಿದೊಡನೆ ಅವರಲ್ಲಿ ಎಷ್ಟೋ ಮಂದಿ ಊರು ಬಿಡುತ್ತಾರೆ.